ಡೇಟಾಬೇಸಿನಲ್ಲಿ ಸಗಟು ಬರವಣಿಗೆಯ ವಿಳಂಬ ಮತ್ತು ಅದರ ನಿದಾನ

ಗಣಕವಿಜ್ಞಾನದ ವಿದ್ಯಾರ್ಥಿಯು ತರಗತಿಯ ಅಭ್ಯಾಸಗಳನ್ನು ಮುಗಿಸಿ ನಿಜವಾದ ಕೆಲಸಕ್ಕೆ ಕೈಹಾಕಿದಾಗ ಮೊದಮೊದಲು ಎದುರಾಗುವ ತೊಡಕುಗಳಲ್ಲಿ ಇದೂ ಒಂದು. ಒಬ್ಬ ಅಭ್ಯರ್ಥಿಯ ಅಂಕಗಳನ್ನು ಡೇಟಾಬೇಸಿಗೆ ಸೇರಿಸುವ ಪ್ರೋಗ್ರಾಂ ಕಣ್ಣೆವೆ ಇಕ್ಕುವುದರೊಳಗೆ ತನ್ನ ಕೆಲಸವನ್ನು ಮುಗಿಸುತ್ತದೆ. ಅದೇ ಪ್ರೋಗ್ರಾಮಿಗೆ ಒಂದು ಲಕ್ಷ ಅಭ್ಯರ್ಥಿಗಳ ಕಡತವನ್ನು ಒಪ್ಪಿಸಿದರೆ ಅರ್ಧ ಗಂಟೆಯಾದರೂ ಮುಗಿಯುವುದಿಲ್ಲ. ಆಗ ಕೇಳಿಬರುವ ಸಲಹೆಗಳು ಬಹುಮಟ್ಟಿಗೆ ಎರಡೇ. ಇನ್ನೂ ದೊಡ್ಡ ಯಂತ್ರವನ್ನು ಕೊಳ್ಳಿರಿ ಎಂಬುದು ಒಂದು. ಡಿಸ್ಕಿನ ಮೇಲೆ ಬರೆದುದನ್ನು ಖಚಿತಪಡಿಸಿಕೊಳ್ಳುವ ಏರ್ಪಾಡನ್ನೇ ನಿಲ್ಲಿಸಿಬಿಡಿರಿ ಎಂಬುದು ಮತ್ತೊಂದು. ಮೊದಲನೆಯದು ಹಣವನ್ನು ಕಳೆಯುತ್ತದೆ, ಎರಡನೆಯದು ದಾಖಲೆಗಳನ್ನೇ ಕಳೆಯಬಹುದು. ಎರಡೂ ರೋಗವನ್ನು ಗುರುತಿಸುವ ಮೊದಲೇ ಕೊಟ್ಟ ಔಷಧಗಳು. ನಮ್ಮ ವೈದ್ಯರು ರೋಗದ ಮೂಲವನ್ನು ಅರಸುವ ಕ್ರಮಕ್ಕೆ ನಿದಾನವೆಂಬ ಹೆಸರನ್ನು ಕೊಟ್ಟಿದ್ದಾರೆ. ಈ ನಿಧಾನಕ್ಕೂ ಅಂತಹ ಒಂದು ನಿದಾನ ಅವಶ್ಯವೆಂಬುದೂ, ಅದು ಅಷ್ಟೇನೂ ಕಠಿನವಲ್ಲವೆಂಬುದೂ ಪ್ರಕೃತ ಲೇಖನದ ವಿಷಯ.

ಮೊದಲು ಒಂದು ಸುಲಭವಾದ ಲೆಕ್ಕವನ್ನು ಮಾಡಿ ನೋಡೋಣ. ಒಂದು ಸಾಲಿಗೆ 200 ಬೈಟ್‌ಗಳೆಂದು ಹಿಡಿದರೆ ಒಂದು ಲಕ್ಷ ಸಾಲುಗಳಿಗೆ 2 ಕೋಟಿ ಬೈಟ್‌ಗಳು, ಎಂದರೆ ಸುಮಾರು 20 ಮೆಗಾಬೈಟ್. ತಿರುಗುವ ತಟ್ಟೆಯ ಸಾಧಾರಣ ಹಾರ್ಡ್ ಡಿಸ್ಕ್ ಕೂಡ ಸೆಕೆಂಡಿಗೆ ಸುಮಾರು 100 ಮೆಗಾಬೈಟ್‌ಗಳನ್ನು ಎಡೆಬಿಡದೆ ಬರೆಯಬಲ್ಲುದು. ಆದುದರಿಂದ ಈ ಕಡತವನ್ನು ಬರೆಯುವುದಕ್ಕೆ ಬೇಕಾದ ಕಾಲ ಸೆಕೆಂಡಿನ ಐದನೆಯ ಒಂದು ಭಾಗ. ಅರ್ಧ ಗಂಟೆಯೆಂದರೆ 1800 ಸೆಕೆಂಡು. ನಿಜವಾದ ಬರವಣಿಗೆ ಅದರ ಒಂಬತ್ತು ಸಾವಿರದ ಒಂದು ಭಾಗ ಮಾತ್ರ. ಉಳಿದ ಕಾಲ ಕಾಯುವುದರಲ್ಲೋ, ಅನಗತ್ಯವಾದ ಮತ್ತಾವುದೋ ಕೆಲಸದಲ್ಲೋ ಕಳೆದಿರಬೇಕು. ಎಷ್ಟು ಬರೆದೆವು ಎಂಬುದಕ್ಕಿಂತ ಎಷ್ಟು ಸಲ ಕಾದೆವು, ಯಾವುದಕ್ಕಾಗಿ ಕಾದೆವು ಎಂಬುದೇ ಇಲ್ಲಿ ಕೇಳತಕ್ಕ ಪ್ರಶ್ನೆ.

ಈ ಕಾಯುವಿಕೆಗಳಲ್ಲಿ ಒಂದು ಮಾತ್ರ ಗೌರವಾರ್ಹವಾದುದು. ಅದನ್ನು ಅರಿಯಲು ಹಳೆಯ ಕಾಲದ ಮಂಡಿಯ ಲೆಕ್ಕದ ಪದ್ಧತಿಯನ್ನು ನೆನೆಯಬಹುದು. ವ್ಯವಹಾರ ನಡೆದೊಡನೆ ಗುಮಾಸ್ತನು ಅದನ್ನು ರೋಜುಕಿರ್ದಿಯಲ್ಲಿ ಒಂದರ ಕೆಳಗೊಂದರಂತೆ ಬರೆದುಕೊಳ್ಳುವನು. ಆಯಾ ಗಿರಾಕಿಯ ಖಾತೆಯನ್ನು ಹುಡುಕಿ ಅಲ್ಲಿಗೆ ಎತ್ತಿ ಬರೆಯುವ ಕೆಲಸ ಸಂಜೆಯ ಬಿಡುವಿನದು. ಮಧ್ಯೆ ಏನಾದರೂ ಅವಘಡವಾಗಿ ಖಾತೆಗಳು ಅರ್ಧಕ್ಕೆ ನಿಂತರೂ ಕಿರ್ದಿಯೊಂದು ಉಳಿದಿದ್ದರೆ ಎಲ್ಲವನ್ನೂ ಮತ್ತೆ ಕಟ್ಟಬಹುದು. ಇಂದಿನ ಡೇಟಾಬೇಸುಗಳು ಬಹುಮಟ್ಟಿಗೆ ಇದೇ ಕ್ರಮವನ್ನು ಅನುಸರಿಸುತ್ತವೆ. ಬದಲಾವಣೆಯ ವಿವರ ಮೊದಲು ಕಿರ್ದಿಗೆ ಸೇರುತ್ತದೆ. ಟ್ರಾನ್ಸಾಕ್ಷನ್ ಮುಗಿದಾಗ, ಎಂದರೆ ಕಮಿಟ್ ಆಗುವಾಗ, ಆ ಕಿರ್ದಿಯ ಪುಟ ಡಿಸ್ಕಿನ ಮೇಲೆ ನಿಜವಾಗಿ ಇಳಿಯುವವರೆಗೆ ಡೇಟಾಬೇಸು ಕಾಯುತ್ತದೆ. ಅನಂತರವೇ 'ಆಯಿತು' ಎಂಬ ಉತ್ತರವನ್ನು ಕೊಡುತ್ತದೆ. ಕಾರ್ಯಾಚರಣಾ ವ್ಯವಸ್ಥೆಗೆ ಈ ಸಂಬಂಧವಾಗಿ ಮಾಡುವ ಕರೆಗೆ ಎಫ್‌ಸಿಂಕ್ ಎಂದು ಹೆಸರು. 1983ರಲ್ಲಿ ಹೇರ್ಡರ್ ಮತ್ತು ರಾಯ್ಟರ್ ಎಂಬ ವಿದ್ವಾಂಸರು ಟ್ರಾನ್ಸಾಕ್ಷನ್ನಿನ ನಾಲ್ಕು ಗುಣಗಳಿಗೆ ಆಸಿಡ್ ಎಂಬ ಸಂಕ್ಷೇಪನಾಮವನ್ನು ಕೊಟ್ಟರಷ್ಟೆ. ಅವುಗಳಲ್ಲಿ ಕೊನೆಯದಾದ ಸ್ಥಿರತೆ, ಎಂದರೆ ಒಮ್ಮೆ ಒಪ್ಪಿಕೊಂಡ ದಾಖಲೆ ವಿದ್ಯುತ್ತು ಹೋದರೂ ಅಳಿಯದೆಂಬ ವಚನ, ಈ ಒಂದು ಕಾಯುವಿಕೆಯ ಮೇಲೆ ನಿಂತಿದೆ.

ವಚನವನ್ನು ನಡೆಸುವುದಕ್ಕೆ ತಗಲುವ ಬೆಲೆಯನ್ನೂ ಲೆಕ್ಕಹಾಕಬಹುದು. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕು ಸೆಕೆಂಡಿಗೆ 120 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ 8.33 ಮಿಲಿಸೆಕೆಂಡು. ಕಿರ್ದಿಯ ಮುಂದಿನ ಸಾಲನ್ನು ಬರೆಯಬೇಕಾದರೆ ತಟ್ಟೆಯ ಆ ಸ್ಥಾನ ಮತ್ತೆ ಸೂಜಿಯ ಕೆಳಗೆ ಬರುವವರೆಗೆ ಕಾಯಬೇಕು. ಆದುದರಿಂದ ಒಬ್ಬನೇ ಬರೆಯುವವನಿದ್ದು, ನಡುವೆ ಬೇರೆ ಸಂಗ್ರಾಹಕ ಸ್ಮೃತಿಯ ನೆರವಿಲ್ಲದಿದ್ದರೆ, ಸೆಕೆಂಡಿಗೆ 120ಕ್ಕಿಂತ ಹೆಚ್ಚು ಕಮಿಟ್‌ಗಳನ್ನು ನಿರೀಕ್ಷಿಸುವಂತಿಲ್ಲ. ಎಸ್‌ಕ್ಯೂಲೈಟ್ ಎಂಬ ಪ್ರಸಿದ್ಧವಾದ ಪುಟ್ಟ ಡೇಟಾಬೇಸನ್ನು ರಚಿಸಿದವರು ತಮ್ಮ ಕೈಪಿಡಿಯಲ್ಲಿ ಇದನ್ನೇ ಹೇಳಿದ್ದಾರೆ. ಸಾಧಾರಣ ಯಂತ್ರದ ಮೇಲೆ ಸೆಕೆಂಡಿಗೆ 50,000 ಸೇರ್ಪಡೆಗಳು ಸುಲಭಸಾಧ್ಯ. ಆದರೆ ಟ್ರಾನ್ಸಾಕ್ಷನ್‌ಗಳು ಕೆಲವು ಡಜನ್ ಮಾತ್ರ. ಅವರ ಕ್ರಮದಲ್ಲಿ ಒಂದೊಂದು ಟ್ರಾನ್ಸಾಕ್ಷನ್ನಿಗೆ ಎರಡು ಪೂರ್ಣ ಸುತ್ತುಗಳು ಬೇಕಾಗುವುದರಿಂದ ಸಂಖ್ಯೆ 60ಕ್ಕೆ ಇಳಿಯುತ್ತದೆ. ಒಂದು ಲಕ್ಷವನ್ನು 60ರಿಂದ ಭಾಗಿಸಿದರೆ ಸುಮಾರು 28 ನಿಮಿಷ. ಮೊದಲು ಹೇಳಿದ ಅರ್ಧ ಗಂಟೆಯ ರಹಸ್ಯ ಅನೇಕ ಸಲ ಇಷ್ಟೇ ಆಗಿರುತ್ತದೆ. ಪ್ರೋಗ್ರಾಂ ಬರೆದವನು ಟ್ರಾನ್ಸಾಕ್ಷನ್ನಿನ ಮಾತನ್ನೇ ಎತ್ತಿರುವುದಿಲ್ಲ. ಎತ್ತದಿದ್ದರೆ ಒಂದೊಂದು ಆಜ್ಞೆಯೂ ತಾನೇ ಒಂದು ಟ್ರಾನ್ಸಾಕ್ಷನ್ ಆಗುವುದೆಂಬ ನಿಯಮ ಅವನ ಗಮನಕ್ಕೆ ಬಂದಿರುವುದಿಲ್ಲ.

ಆದರೆ ಇಲ್ಲಿಗೇ ನಿಲ್ಲುವವನು ಎಡವುವ ಸಂಭವವುಂಟು. ಒಂದು ಸಾಲಿಗೆ ಎಂಟೂವರೆ ಮಿಲಿಸೆಕೆಂಡು ಹಿಡಿಯುತ್ತಿದೆ, ಆದುದರಿಂದ ಇದು ಡಿಸ್ಕಿನ ಸುತ್ತು ಎಂದು ತೀರ್ಮಾನಿಸುವುದು ಅವಸರವಾದೀತು. ಪ್ರೋಗ್ರಾಂ ಬೆಂಗಳೂರಿನಲ್ಲಿಯೂ ಡೇಟಾಬೇಸು ಮುಂಬಯಿಯಲ್ಲಿಯೂ ಇದೆಯೆಂದು ಭಾವಿಸೋಣ. ಇವೆರಡರ ನಡುವಣ ನೇರವಾದ ಅಂತರ ಸುಮಾರು 850 ಕಿಲೋಮೀಟರು. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ಚಲಿಸುತ್ತದೆ. ಹೋಗಿ ಬರುವುದಕ್ಕೆ ತಗಲುವ ಕನಿಷ್ಠ ಕಾಲ 8.5 ಮಿಲಿಸೆಕೆಂಡು, ತಂತಿಯ ಮಾರ್ಗ ನೇರವಾಗಿಲ್ಲದಿರುವುದರಿಂದ ವಾಸ್ತವದಲ್ಲಿ ಇನ್ನೂ ಹೆಚ್ಚು. ಡಿಸ್ಕಿನ ಒಂದು ಸುತ್ತಿಗೂ ಈ ಪ್ರಯಾಣಕ್ಕೂ ಅಳತೆಯಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಜ್ವರದ ಮಾಪನ ಒಂದೇ ಆಗಿದ್ದು ರೋಗ ಬೇರೆ ಬೇರೆಯಾಗಿರುವ ಸಂದರ್ಭವಿದು. ಡಿಸ್ಕನ್ನು ದೂಷಿಸಿ ಹೊಸ ಡಿಸ್ಕನ್ನು ತಂದರೆ ಇಲ್ಲಿ ಒಂದು ಕ್ಷಣವೂ ಉಳಿಯದು.

ಇವೆರಡನ್ನು ಬೇರ್ಪಡಿಸುವ ಪರೀಕ್ಷೆ ಸರಳವಾದುದು. ಇದನ್ನು ಪ್ರಯೋಗಶಾಲೆಯ ಅಭ್ಯಾಸವಾಗಿ ಕೊಡಬಹುದೆಂದು ನನ್ನ ಅಭಿಪ್ರಾಯ. ಪ್ರೋಗ್ರಾಮಿನಲ್ಲಿ ಮತ್ತೇನನ್ನೂ ಬದಲಾಯಿಸದೆ, ಸೇರ್ಪಡೆಯ ಆಜ್ಞೆಗಳನ್ನು ಒಂದೊಂದಾಗಿಯೇ ಕಳುಹಿಸುತ್ತ, ಸಾವಿರ ಸಾಲುಗಳಿಗೆ ಒಂದು ಸಲ ಮಾತ್ರ ಕಮಿಟ್ ಮಾಡುವುದು. ಕಾಲ ನೂರಾರು ಪಟ್ಟು ಇಳಿದರೆ ತಪ್ಪು ಕಮಿಟ್‌ಗಳದು. ಏನೂ ಇಳಿಯದಿದ್ದರೆ ತಪ್ಪು ಪ್ರಯಾಣದ್ದು. ಕೆಲವು ಪದರಗಳು ಒಂದೊಂದು ಸಾಲಿಗೂ ಆರಂಭ, ಸೇರ್ಪಡೆ, ಕಮಿಟ್ ಎಂಬ ಮೂರು ಸಂದೇಶಗಳನ್ನು ಬೇರೆಬೇರೆಯಾಗಿ ಕಳುಹಿಸುವುದುಂಟು. ಅಂಥಲ್ಲಿ ಕಾಲ ಮೂರನೆಯ ಒಂದು ಭಾಗಕ್ಕೆ ಇಳಿದು ಅಲ್ಲಿಯೇ ನಿಂತುಬಿಡುವುದು. ಅದನ್ನು ಕಂಡು 'ಡಿಸ್ಕೂ ಸ್ವಲ್ಪ ಕಾರಣ' ಎನ್ನಬಾರದು; ಮೂರು ಪ್ರಯಾಣಗಳು ಒಂದಾದುವು, ಅಷ್ಟೆ. ಅನಂತರ ಎರಡನೆಯ ಪರೀಕ್ಷೆ: ಕಮಿಟ್‌ಗಳ ಸಂಖ್ಯೆಯನ್ನು ಹಾಗೆಯೇ ಇಟ್ಟು, ಒಂದು ಆಜ್ಞೆಯಲ್ಲಿ ನೂರು ಸಾಲುಗಳನ್ನು ಕೂಡಿಸಿ ಕಳುಹಿಸುವುದು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕೆಂಬ ನಿಯಮವನ್ನು ಭೌತವಿಜ್ಞಾನದ ವಿದ್ಯಾರ್ಥಿಗೆ ಹೇಳಿಕೊಡಬೇಕಾಗಿಲ್ಲ. ಗಣಕದ ಮುಂದೆ ಕುಳಿತೊಡನೆ ಅದು ಮರೆತುಹೋಗುವುದೇಕೋ ತಿಳಿಯದು.

ಡೇಟಾಬೇಸಿನ ಸಾಕ್ಷ್ಯವನ್ನೂ ಕೇಳಬಹುದು. 1986ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ ಮೈಕೇಲ್ ಸ್ಟೋನ್‌ಬ್ರೇಕರ್ ಅವರ ನೇತೃತ್ವದಲ್ಲಿ ಆರಂಭವಾಗಿ, 1996ರಿಂದ ಈಗಿನ ಹೆಸರನ್ನು ಹೊತ್ತಿರುವ ಪೋಸ್ಟ್‌ಗ್ರೆಸ್‌ಕ್ಯೂಎಲ್ ಈ ವಿಷಯದಲ್ಲಿ ಉದಾರವಾದುದು. ಅದರ ಪಿಜಿ ಸ್ಟ್ಯಾಟ್ ಆಕ್ಟಿವಿಟಿ ಎಂಬ ಕೋಷ್ಟಕದಲ್ಲಿ ಒಂದೊಂದು ಸಂಪರ್ಕವೂ ಆ ಕ್ಷಣದಲ್ಲಿ ಯಾವುದಕ್ಕಾಗಿ ಕಾಯುತ್ತಿದೆಯೆಂಬುದು ಕಾಣುತ್ತದೆ. ಒಮ್ಮೆ ನೋಡಿದರೆ ಪ್ರಯೋಜನವಿಲ್ಲ. ಸೆಕೆಂಡಿಗೊಮ್ಮೆಯಂತೆ ನೂರು ಸಲ ನೋಡಿ ಎಣಿಸಬೇಕು. ಕಿರ್ದಿಯನ್ನು ಡಿಸ್ಕಿಗೆ ಇಳಿಸುವ ವಾಲ್ ಸಿಂಕ್ ಎಂಬ ಹೆಸರು ಹೆಚ್ಚಿಗೆ ಕಂಡರೆ ಕಮಿಟ್‌ಗಳನ್ನು ಕಡಿಮೆ ಮಾಡಬೇಕು. ಕ್ಲೈಂಟ್ ರೀಡ್ ಎಂಬುದು ಹೆಚ್ಚಿಗೆ ಕಂಡರೆ ಡೇಟಾಬೇಸು ಕೈಕಟ್ಟಿ ಕುಳಿತು ನಮ್ಮ ಪ್ರೋಗ್ರಾಮಿನ ಮುಂದಿನ ಮಾತಿಗಾಗಿ ಕಾಯುತ್ತಿದೆಯೆಂದು ಅರ್ಥ. ಆಗ ಡೇಟಾಬೇಸನ್ನು ಎಷ್ಟು ತಿದ್ದಿದರೂ ವ್ಯರ್ಥ. ಬೀಗದ ಹೆಸರು ಕಂಡರೆ ಮತ್ತೊಬ್ಬರ ಟ್ರಾನ್ಸಾಕ್ಷನ್ ಅಡ್ಡಬಂದಿದೆ. ಯಾವ ಕಾಯುವಿಕೆಯ ಹೆಸರೂ ಇಲ್ಲದೆ ಸಂಪರ್ಕ ಕಾರ್ಯನಿರತವಾಗಿದೆಯೆಂದು ಕಂಡರೆ ಸಂಸ್ಕಾರಕವೇ ದುಡಿಯುತ್ತಿದೆಯೆಂದು ಹಿಡಿಯಬಹುದು. ಪ್ರಯಾಣವೇ ಕಾರಣವೆಂದು ಸಿದ್ಧಪಟ್ಟಲ್ಲಿ ಪೋಸ್ಟ್‌ಗ್ರೆಸ್‌ಕ್ಯೂಎಲ್‌ನ ಕಾಪಿ ಎಂಬ ಆಜ್ಞೆಗೆ ಸಮನಾದ ಔಷಧ ಬೇರೊಂದಿಲ್ಲ. ಅದು ಸಾಲುಗಳನ್ನು ಪ್ರವಾಹದಂತೆ ಸ್ವೀಕರಿಸುತ್ತದೆ, ಸಾಲಿಗೊಂದು ಉತ್ತರವನ್ನು ಬೇಡುವುದಿಲ್ಲ.

ಈಗ ಡೇಟಾಬೇಸಿಗೂ ಪ್ರೋಗ್ರಾಮಿಗೂ ನಡುವೆ ಇರುವ ಪದರದ ಮಾತು. ಸಾಲುಗಳನ್ನು ವಸ್ತುಗಳಾಗಿ ತೋರಿಸುವ ಹೈಬರ್ನೇಟ್ ಮುಂತಾದ ಗ್ರಂಥಾಲಯಗಳು ಬಹಳ ಶ್ರಮವನ್ನು ಉಳಿಸುತ್ತವೆಂಬುದು ನಿಜ. ಆದರೆ ಸಗಟು ಬರವಣಿಗೆಯಲ್ಲಿ ಅವು ಏನು ಮಾಡುತ್ತಿವೆಯೆಂಬುದನ್ನು ಮರೆಸಿಬಿಡುವುದೂ ಅಷ್ಟೇ ನಿಜ. ಒಂದು ನಿದರ್ಶನ ಸಾಕು. ಸಾಲಿನ ಗುರುತುಸಂಖ್ಯೆಯನ್ನು ಡೇಟಾಬೇಸೇ ಸೇರ್ಪಡೆಯ ಕಾಲದಲ್ಲಿ ಹುಟ್ಟಿಸುವ ಐಡೆಂಟಿಟಿ ಎಂಬ ಕ್ರಮವನ್ನು ಆರಿಸಿಕೊಂಡರೆ, ಸೇರ್ಪಡೆಗಳನ್ನು ಗುಂಪಾಗಿ ಕಳುಹಿಸುವ ಏರ್ಪಾಡನ್ನು ಹೈಬರ್ನೇಟ್ ಸದ್ದಿಲ್ಲದೆ ಕೈಬಿಡುತ್ತದೆ. ಪ್ರತಿಯೊಂದು ಸಾಲಿನ ಸಂಖ್ಯೆಯನ್ನೂ ಅದು ಕೂಡಲೇ ಕೇಳಿ ತಿಳಿಯಬೇಕಾಗಿರುವುದೇ ಇದಕ್ಕೆ ಕಾರಣ. ಗುಂಪಿನ ಗಾತ್ರವನ್ನು 50 ಎಂದು ಬರೆದುಕೊಂಡು ನಿಶ್ಚಿಂತನಾಗಿರುವ ಪ್ರೋಗ್ರಾಂಕಾರನಿಗೆ ಯಾವ ಎಚ್ಚರಿಕೆಯೂ ಬರುವುದಿಲ್ಲ. ಸೀಕ್ವೆನ್ಸ್ ಎಂಬ ಕ್ರಮದಲ್ಲಾದರೋ ಐವತ್ತು ಸಂಖ್ಯೆಗಳನ್ನು ಒಂದೇ ಸಲ ಮುಂಗಡವಾಗಿ ಪಡೆಯಬಹುದು. ಇಂಥಲ್ಲಿ ಪ್ರೋಗ್ರಾಮಿನ ಪಠ್ಯವನ್ನು ಓದಿದರೆ ಸತ್ಯ ತಿಳಿಯದು. ಡೇಟಾಬೇಸಿಗೆ ನಿಜವಾಗಿ ತಲುಪಿದ ಆಜ್ಞೆಗಳನ್ನು ಎಣಿಸಬೇಕು. ಲಕ್ಷ ಸಾಲುಗಳಿಗೆ ಲಕ್ಷ ಆಜ್ಞೆಗಳು ತಲುಪಿದ್ದರೆ ಗುಂಪುಗೂಡಿಸುವಿಕೆ ನಡೆದೇ ಇಲ್ಲವೆಂದು ಶಂಕಿಸಬೇಕು. ಎರಡು ಲಕ್ಷ ತಲುಪಿದ್ದರೆ ಒಂದೊಂದು ಸಾಲಿಗೂ ಮೊದಲು 'ಇದು ಆಗಲೇ ಇದೆಯೇ' ಎಂಬ ವಿಚಾರಣೆ ನಡೆದಿರಬಹುದು.

ಆ ವಿಚಾರಣೆಯಿಂದ ಮತ್ತೊಂದು ಬಗೆಯ ವಿಳಂಬ ಹುಟ್ಟುತ್ತದೆ. ಇದುವರೆಗೆ ಹೇಳಿದ ವಿಳಂಬಗಳೆಲ್ಲ ಸಾಲಿಗೆ ಇಷ್ಟು ಎಂಬಂತೆ ಸಮವಾಗಿದ್ದುವು. ಆದರೆ ಮೊದಲ ಸಾವಿರ ಸಾಲುಗಳು ಒಂದು ಸೆಕೆಂಡಿನಲ್ಲಿ ಮುಗಿದು, ಐವತ್ತನೆಯ ಸಾವಿರಕ್ಕೆ ಒಂದು ನಿಮಿಷ ಹಿಡಿಯುವುದೂ ಉಂಟು. ಆದುದರಿಂದ ಒಟ್ಟು ಕಾಲವನ್ನು ಮಾತ್ರ ಬರೆದುಕೊಳ್ಳದೆ, ಸಾವಿರಕ್ಕೊಮ್ಮೆ ಗಡಿಯಾರವನ್ನು ನೋಡಿ ಗುರುತುಹಾಕಿಕೊಳ್ಳುವುದು ಅತ್ಯಾವಶ್ಯಕ. ಹೈಬರ್ನೇಟ್ ತಾನು ಮುಟ್ಟಿದ ವಸ್ತುಗಳನ್ನೆಲ್ಲ ನೆನಪಿನಲ್ಲಿ ಇಟ್ಟುಕೊಂಡಿರುತ್ತದೆ. ಅದೇ ಕೋಷ್ಟಕವನ್ನು ಕುರಿತು ಪ್ರಶ್ನೆಯೊಂದು ಬಂದಾಗ, ಬರೆಯದೆ ಉಳಿದ ಬದಲಾವಣೆಗಳಿವೆಯೇ ಎಂದು ಆ ವಸ್ತುಗಳನ್ನೆಲ್ಲ ತಪಾಸಣೆ ಮಾಡುತ್ತದೆ. ಸಾಲಿಗೊಂದು ಪ್ರಶ್ನೆಯಾದರೆ ತಪಾಸಣೆಗಳ ಮೊತ್ತ 1, 2, 3 ಎಂದು ಏರುತ್ತ ಹೋಗಿ, ಒಂದು ಲಕ್ಷ ಸಾಲುಗಳಿಗೆ ಸುಮಾರು 500 ಕೋಟಿಯನ್ನು ಮುಟ್ಟುತ್ತದೆ. ನಿಯತವಾಗಿ ಬರೆದು ನೆನಪನ್ನು ಬರಿದುಮಾಡುವುದು ಇದಕ್ಕೆ ಸಾಕಾದ ಪರಿಹಾರ. ಮೇಲೆ ಹೇಳಿದ ಎಣಿಕೆಯಲ್ಲಿ ಈ ವ್ಯಾಧಿ ಕ್ಲೈಂಟ್ ರೀಡ್ ಎಂದೇ ತೋರುವುದರಿಂದ ಪ್ರಯಾಣದ ವಿಳಂಬದೊಡನೆ ಇದನ್ನು ಬೆರೆಸದಂತೆ ಜಾಗರೂಕರಾಗಿರಬೇಕು. ಪ್ರಯಾಣ ಏರುವುದಿಲ್ಲ, ಇದು ಏರುತ್ತದೆ.

ಏರುವ ವಿಳಂಬಕ್ಕೆ ಡೇಟಾಬೇಸಿನೊಳಗೂ ಕಾರಣವಿರಬಹುದು. ಕೋಷ್ಟಕಕ್ಕೆ ಇಂಡೆಕ್ಸುಗಳು ಎಷ್ಟಿವೆಯೋ ಒಂದೊಂದು ಸೇರ್ಪಡೆಯೂ ಸಾಮಾನ್ಯವಾಗಿ ಅಷ್ಟು ಕಡೆ ನಮೂದಾಗಬೇಕು. ಗುರುತುಸಂಖ್ಯೆ ಕ್ರಮವಾಗಿ ಏರುತ್ತಿದ್ದರೆ ಇಂಡೆಕ್ಸಿನ ಕೊನೆಯ ಪುಟವೊಂದನ್ನೇ ಮತ್ತೆಮತ್ತೆ ಮುಟ್ಟಿದರಾಯಿತು. ಅದು ಯಾದೃಚ್ಛಿಕವಾದ ಯುಯುಐಡಿ ಆಗಿದ್ದರೆ ಒಂದೊಂದು ಸಾಲೂ ಬೇರೊಂದು ಪುಟವನ್ನು ಹುಡುಕಿಕೊಂಡು ಹೋಗುತ್ತದೆ. ಇಂಡೆಕ್ಸು ಸ್ಮೃತಿಯಲ್ಲಿ ಹಿಡಿಯದಷ್ಟು ಬೆಳೆದ ದಿನ ಒಂದೊಂದು ಸೇರ್ಪಡೆಗೂ ಡಿಸ್ಕಿನಿಂದ ಓದುವ ಕೆಲಸ ತಗಲಿಕೊಳ್ಳುತ್ತದೆ. ಸಾಲದುದಕ್ಕೆ, ಪೋಸ್ಟ್‌ಗ್ರೆಸ್‌ಕ್ಯೂಎಲ್ ಒಂದು ಚೆಕ್‌ಪಾಯಿಂಟ್ ಆದ ಬಳಿಕ ಮೊದಲ ಸಲ ಮುಟ್ಟಿದ ಪುಟವನ್ನು ಇಡಿಯಾಗಿ ಕಿರ್ದಿಯಲ್ಲಿ ಬರೆಯುತ್ತದೆ. ಪುಟ 8192 ಬೈಟ್, ನಮ್ಮ ಸಾಲು 200 ಬೈಟ್; ಒಂದು ಸಾಲಿಗಾಗಿ ನಲವತ್ತು ಸಾಲಿನಷ್ಟು ಬರೆದಂತಾಯಿತು. 2024ರಲ್ಲಿ ಪ್ರಮಾಣಗೊಂಡ ಯುಯುಐಡಿಯ ಏಳನೆಯ ಬಗೆಯಲ್ಲಿ ಕಾಲಸೂಚಕ ಭಾಗ ಮುಂದೆ ಬರುವುದರಿಂದ ಈ ಚದುರುವಿಕೆ ತಪ್ಪುತ್ತದೆ. ಖಾಲಿ ಕೋಷ್ಟಕವನ್ನು ಹೊಸದಾಗಿ ತುಂಬುವಾಗ ಇಂಡೆಕ್ಸುಗಳನ್ನು ಕೊನೆಯಲ್ಲಿ ಕಟ್ಟುವುದು ಮೇಲು. ಬಳಕೆಯಲ್ಲಿರುವ ಕೋಷ್ಟಕದಲ್ಲಿ ಅದು ಸಾಧ್ಯವಾಗದು. ಸಗಟು ಅಳಿಸುವಿಕೆಯಲ್ಲಿ ಮತ್ತೊಂದು ಗುಪ್ತಶತ್ರುವುಂಟು. ಅಳಿಸುವ ಸಾಲನ್ನು ಬೇರೊಂದು ಕೋಷ್ಟಕ ಫಾರಿನ್ ಕೀ ಮೂಲಕ ಅವಲಂಬಿಸಿದ್ದು, ಅಲ್ಲಿ ಆ ಅಂಕಣಕ್ಕೆ ಇಂಡೆಕ್ಸು ಇಲ್ಲದಿದ್ದರೆ, ಒಂದು ಸಾಲನ್ನು ಅಳಿಸಲು ಆ ಕೋಷ್ಟಕವನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ಓದಬೇಕಾಗುವುದು. ಎಕ್ಸ್‌ಪ್ಲೇನ್ ಅನಲೈಸ್ ಎಂಬ ಆಜ್ಞೆಯ ವರದಿಯಲ್ಲಿ ಇದರ ಕಾಲ ಬೇರೆಯಾಗಿಯೇ ನಮೂದಾಗುತ್ತದೆ. ಆ ಆಜ್ಞೆ ಅಳಿಸುವ ಕೆಲಸವನ್ನು ನಿಜವಾಗಿ ಮಾಡಿಬಿಡುವುದರಿಂದ, ಅದನ್ನು ಟ್ರಾನ್ಸಾಕ್ಷನ್ನಿನೊಳಗೆ ನಡೆಸಿ ಕೊನೆಯಲ್ಲಿ ರದ್ದುಗೊಳಿಸುವುದನ್ನು ಮರೆಯಬಾರದು.

ಸಮವಾಗಿಯೂ ಇರದೆ, ಏರದೆಯೂ ಇದ್ದು, ಆಗಾಗ ಮುಗ್ಗರಿಸುವ ಬರವಣಿಗೆಯೂ ಉಂಟು. ಕಿರ್ದಿಯಿಂದ ಖಾತೆಗೆ ಎತ್ತಿ ಬರೆಯುವ ಕೆಲಸವನ್ನು ಪೋಸ್ಟ್‌ಗ್ರೆಸ್‌ಕ್ಯೂಎಲ್ ಸ್ವಭಾವತಃ ಐದು ನಿಮಿಷಕ್ಕೊಮ್ಮೆ ಮುಗಿಸಿಕೊಳ್ಳುತ್ತದೆ. ಕಿರ್ದಿ 1 ಗಿಗಾಬೈಟಿನ ಮಿತಿಯನ್ನು ಸಮೀಪಿಸಿದರೆ ಇನ್ನೂ ಬೇಗ. ಸಗಟು ಕೆಲಸದಲ್ಲಿ ಈ ಮಿತಿ ಬೇಗಬೇಗನೆ ತುಂಬುವುದರಿಂದ ಅದನ್ನು ಹಿಗ್ಗಿಸುವುದು ಉಚಿತ.

ಇನ್ನು ಆರಂಭದಲ್ಲಿ ಹೇಳಿದ ಅಪಾಯಕರವಾದ ಸಲಹೆಯ ವಿಚಾರ. ಎಫ್‌ಸಿಂಕನ್ನು ನಿಲ್ಲಿಸಿದರೆ ವೇಗ ಬರುತ್ತದೆಂಬುದರಲ್ಲಿ ಸಂದೇಹವಿಲ್ಲ. ಆದರೆ ವಿದ್ಯುತ್ತು ಹೋದಾಗ ಕಿರ್ದಿಗೂ ಖಾತೆಗೂ ತಾಳೆಯಿರುವುದಿಲ್ಲ. ಇತ್ತೀಚಿನ ಕೆಲವು ಸಾಲುಗಳಲ್ಲದೆ ಹಳೆಯ ದಾಖಲೆಗಳೂ ಕೆಡಬಹುದು. ಸಿಂಕ್ರನಸ್ ಕಮಿಟ್ ಎಂಬ ಮತ್ತೊಂದು ಏರ್ಪಾಡನ್ನು ಇದರೊಡನೆ ಗೊಂದಲಗೊಳಿಸಿಕೊಳ್ಳಬಾರದು. ಅದನ್ನು ನಿಲ್ಲಿಸಿದರೆ ಡೇಟಾಬೇಸು ಕಿರ್ದಿಯನ್ನು ಇಳಿಸುವ ಮೊದಲೇ ಉತ್ತರ ಕೊಡುತ್ತದೆ. ಅವಘಡವಾದರೆ ಕೊನೆಯ ಕ್ಷಣಗಳ ಕಮಿಟ್‌ಗಳು ಕಳೆಯಬಹುದು, ಸಹಜವಾದ ಏರ್ಪಾಡಿನಲ್ಲಿ ಈ ಅವಧಿ ಒಂದು ಸೆಕೆಂಡನ್ನು ಮೀರದು. ಉಳಿದುದು ಮಾತ್ರ ಸುಸಂಗತವಾಗಿಯೇ ಇರುತ್ತದೆ. ಮೂಲ ಕಡತ ಕೈಯಲ್ಲಿರುವಾಗ, ಕಳೆದುದನ್ನು ಮತ್ತೆ ಸೇರಿಸಲು ಸಾಧ್ಯವಿರುವಾಗ, ಇದನ್ನು ಒಪ್ಪಬಹುದು. ಹಣ ಪಾವತಿಯಂಥ ಕೆಲಸದಲ್ಲಿ, 'ಆಯಿತು' ಎಂಬ ಮಾತನ್ನು ನಂಬಿ ಹೊರಗಿನವರು ಮುಂದುವರಿಯುವ ಕಡೆ, ಒಪ್ಪಲಾಗದು.

ಎಫ್‌ಸಿಂಕ್ ಎಷ್ಟು ಸೂಕ್ಷ್ಮವಾದ ವಿಷಯವೆಂಬುದಕ್ಕೆ 2018ರಲ್ಲಿ ಬೆಳಕಿಗೆ ಬಂದ ಸಂಗತಿಯೊಂದು ಸಾಕ್ಷಿ. ಡಿಸ್ಕಿಗೆ ಬರೆಯುವುದು ವಿಫಲವಾದಾಗ ಲೈನಕ್ಸ್ ವ್ಯವಸ್ಥೆ ಆ ತಪ್ಪನ್ನು ಒಂದು ಸಲ ವರದಿಮಾಡಿ, ಆ ಪುಟವನ್ನು ಬರೆದಾಯಿತೆಂಬಂತೆ ಗುರುತಿಸಿಬಿಡುತ್ತಿತ್ತು. ಪೋಸ್ಟ್‌ಗ್ರೆಸ್‌ಕ್ಯೂಎಲ್ ಎರಡನೆಯ ಸಲ ಎಫ್‌ಸಿಂಕ್ ಮಾಡಿದರೆ ಜಯವೆಂದು ಉತ್ತರ ಬರುತ್ತಿತ್ತು. ದಾಖಲೆ ಮಾತ್ರ ಡಿಸ್ಕಿನ ಮೇಲೆ ಇರುತ್ತಿರಲಿಲ್ಲ. ಸಾವಿರಾರು ಜನ ವರ್ಷಗಟ್ಟಲೆ ಓದಿದ ಪ್ರೋಗ್ರಾಮಿನಲ್ಲಿ ಈ ನ್ಯೂನತೆ ಉಳಿದುಕೊಂಡಿತ್ತು. 2019ರ ಫೆಬ್ರವರಿಯ ಆವೃತ್ತಿಗಳಿಂದ ಮುಂದೆ, ಎಫ್‌ಸಿಂಕ್ ಒಮ್ಮೆ ವಿಫಲವಾದರೆ ಮತ್ತೆ ಯತ್ನಿಸದೆ ಡೇಟಾಬೇಸು ತನ್ನನ್ನು ತಾನೇ ನಿಲ್ಲಿಸಿಕೊಂಡು ಕಿರ್ದಿಯಿಂದ ಪುನಃ ಕಟ್ಟಿಕೊಳ್ಳುವಂತೆ ತಿದ್ದುಪಡಿ ಮಾಡಲಾಯಿತು. ಅಷ್ಟು ಕಷ್ಟಪಟ್ಟು ಕಾಪಾಡಿದ ವಚನವನ್ನು ಹತ್ತು ನಿಮಿಷಗಳ ಉಳಿತಾಯಕ್ಕಾಗಿ ಬಿಟ್ಟುಕೊಡುವವನು, ತಾನು ಏನನ್ನು ಕೊಡುತ್ತಿದ್ದೇನೆಂದು ಬಲ್ಲವನಾಗಿರಬೇಕು.

ಹಾಗಾದರೆ ಇಡೀ ಕಡತವನ್ನು ಒಂದೇ ಟ್ರಾನ್ಸಾಕ್ಷನ್ನಿನಲ್ಲಿ ಬರೆಯಬಾರದೇಕೆ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಒಂದು ಲಕ್ಷ ಸಾಲುಗಳಾದರೆ ಬರೆಯಬಹುದು. ಕೋಟಿಗಟ್ಟಲೆಯಾದರೆ, 99 ಲಕ್ಷದ ಬಳಿಕ ಸಿಕ್ಕ ಒಂದು ಕೆಟ್ಟ ಸಾಲಿನಿಂದ ಎಲ್ಲವೂ ರದ್ದಾಗುವುದು, ಅದುವರೆಗೆ ಹಿಡಿದ ಬೀಗಗಳು ಇತರರನ್ನು ತಡೆದಿರುವುವು, ಫಾರಿನ್ ಕೀಗಳ ತಪಾಸಣೆಯ ಸರದಿಯೂ ಸ್ಮೃತಿಯಲ್ಲಿ ಬೆಳೆಯುತ್ತಿರುವುದು. ಒಂದರಿಂದ ಸಾವಿರ ಸಾಲಿಗೆ ಏರಿದಾಗ ಕಮಿಟ್‌ಗಳ ವೆಚ್ಚದಲ್ಲಿ ಶೇಕಡಾ 99.9ರಷ್ಟು ಉಳಿಯುತ್ತದೆ, ಸಾವಿರದಿಂದ ಹತ್ತು ಸಾವಿರಕ್ಕೆ ಏರಿದರೆ ಉಳಿದ ಸಾವಿರದ ಒಂದು ಪಾಲಿನಲ್ಲಿ ಮಾತ್ರ ಲಾಭ. ಆದುದರಿಂದ ಕೆಲವು ಸಾವಿರ ಸಾಲುಗಳ ಗುಂಪು ಬಹುಮಟ್ಟಿಗೆ ಯುಕ್ತವಾದುದು. ಗುಂಪು ಮಾಡಿದ ಮೇಲೆ, ಕೆಲಸ ನಡುವೆ ನಿಂತರೆ ಎಲ್ಲಿಂದ ಮುಂದುವರಿಯಬೇಕೆಂಬುದನ್ನೂ ವ್ಯವಸ್ಥೆಗೊಳಿಸಬೇಕು. ಎಲ್ಲಿಯವರೆಗೆ ಮುಗಿಯಿತೆಂಬ ಗುರುತನ್ನು ಅದೇ ಟ್ರಾನ್ಸಾಕ್ಷನ್ನಿನಲ್ಲಿ ಒಂದು ಕೋಷ್ಟಕದಲ್ಲಿ ಬರೆದಿಟ್ಟರೆ ಸಾಲುಗಳೂ ಗುರುತೂ ಕೂಡಿಯೇ ಉಳಿಯುತ್ತವೆ, ಇಲ್ಲವೇ ಕೂಡಿಯೇ ಹೋಗುತ್ತವೆ. ಗುರುತನ್ನು ಬೇರೊಂದು ಕಡತದಲ್ಲಿ ಇಡುವ ಅಭ್ಯಾಸ ಅನೇಕರಿಗಿದೆ. ಅವಘಡ ಈ ಎರಡು ಬರವಣಿಗೆಗಳ ನಡುವೆ ಸಂಭವಿಸಿದಾಗ ಒಂದು ಗುಂಪು ಎರಡು ಸಲ ಸೇರುತ್ತದೆ, ಇಲ್ಲವೇ ಒಂದು ಸಲವೂ ಸೇರುವುದಿಲ್ಲ.